ಕರಾವಳಿಯ ಸಿಆರ್‌ಝಡ್ ಸೇವೆ: ನಕ್ಷೆಗೆ ಪೂರ್ತಿ ಅಂಕ ಇಲ್ಲ, ಆದರೂ ನಕ್ಷೆಯಿಂದಲೇ ಶುರು ಮಾಡಿ

ಮಾಜಾಳಿಯಿಂದ ತಲಪಾಡಿಯವರೆಗೆ, ಸುಮಾರು 320 ಕಿ.ಮೀ. ಕಡಲತೀರದಲ್ಲಿ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಹೆಸರು ಕೇಳಿದರೆ ಮನೆ ಕಟ್ಟಲು ಹೊರಟವರು ಮುಖ ಸಿಂಡರಿಸುತ್ತಾರೆ. ಬಂದರಿನ ಕಲ್ಲು ಲಾರಿ ಊರಿಗೆ ಬಂದ ದಿನ ಅದೇ ಹೆಸರು ಹಿಡಿದು ಮೀನುಗಾರರು ಕೋರ್ಟಿಗೆ ಓಡುತ್ತಾರೆ. ಇಬ್ಬರೂ ಬಳಸುವುದು ಒಂದೇ ಸರ್ಕಾರಿ ಸೇವೆಯನ್ನು: ನಕ್ಷೆ ನೋಡುವುದು, ಅರ್ಜಿ ಹಾಕುವುದು, ಅಹವಾಲು ಸಭೆಯಲ್ಲಿ ಮಾತಾಡುವುದು, ತಪ್ಪಾದರೆ ದೂರುವುದು. ಹಾಗಾಗಿ ಇಲ್ಲಿ ಇದನ್ನು ಕಾನೂನಿನ ಪಾಠವಾಗಿ ನೋಡದೆ, ದುಡ್ಡು ಮತ್ತು ಸಮಯ ಕೊಟ್ಟು ಪಡೆಯುವ ಸೇವೆಯಾಗಿ ತೂಗಿದ್ದೇವೆ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ನಕ್ಷೆಯಲ್ಲಿ ಗೆರೆ ಎಳೆದಿರುವುದನ್ನು ಈ ವ್ಯವಸ್ಥೆ ಒಂದು ಮಟ್ಟಕ್ಕೆ ಕಾಯುತ್ತದೆ, ಎಳೆಯದೆ ಬಿಟ್ಟದ್ದನ್ನು ಕಾಯುವುದಿಲ್ಲ. ಸಲಹೆಗಾರರನ್ನು ನೇಮಿಸಿಕೊಂಡು ಬರುವ ದೊಡ್ಡ ಯೋಜನೆಗೆ ಇದು ನಿಧಾನವಾದರೂ ನಡೆಯುವ ಸೇವೆ. ಐದು ಸೆಂಟ್ಸ್ ಜಾಗದವರಿಗೆ, ದಡದ ಮೇಲೆ ಮೀನು ಒಣಗಿಸುವ ಹೆಂಗಸರಿಗೆ, ಅಳಿವೆಯಲ್ಲಿ ಚಿಪ್ಪು ಆರಿಸುವವರಿಗೆ ಇದರಿಂದ ಸಿಗುವುದು ಬಹಳ ಕಡಿಮೆ; ಸಿಗುವಷ್ಟನ್ನು ಪಡೆಯಲೂ ದಾರಿ ಗೊತ್ತಿರಬೇಕು.

ಯಾವ ನಿಯಮ ಈಗ ಜಾರಿಯಲ್ಲಿದೆ ಎಂಬುದರಲ್ಲೇ ಅರ್ಧ ಜನ ಎಡವುತ್ತಾರೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಿಆರ್‌ಝಡ್ ಅಧಿಸೂಚನೆ ಬಂದದ್ದು 1991ರ ಫೆಬ್ರವರಿ 19ರಂದು. ಎರಡನೆಯದು 2011ರ ಜನವರಿ 6ರಂದು, ಮೂರನೆಯದು 2019ರ ಜನವರಿ 18ರಂದು. ಆದರೆ 2019ರದ್ದು ಪ್ರಕಟವಾದ ದಿನವೇ ಎಲ್ಲೆಡೆ ಜಾರಿಯಾಗಲಿಲ್ಲ. ಆಯಾ ರಾಜ್ಯದ ಕರಾವಳಿ ವಲಯ ನಿರ್ವಹಣಾ ಯೋಜನೆಗೆ, ಅಂದರೆ ಹೊಸ ನಕ್ಷೆಗೆ, ಕೇಂದ್ರದ ಒಪ್ಪಿಗೆ ಸಿಕ್ಕ ಮೇಲೆ ಮಾತ್ರ ಅದಕ್ಕೆ ಜೀವ. ಕರ್ನಾಟಕದ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಆದ್ದರಿಂದ "ಹೊಳೆ ದಡದಿಂದ 100 ಮೀಟರ್ ಬಿಡಬೇಕು" ಎಂದು ಯಾರಾದರೂ ಈಗಲೂ ಹೇಳುತ್ತಿದ್ದರೆ ಅವರು 2011ರಲ್ಲೇ ನಿಂತಿದ್ದಾರೆ ಎಂದು ತಿಳಿಯಿರಿ. ಈಗಿನ ಲೆಕ್ಕ ಹೀಗೆ: ಸಮುದ್ರದ ಬದಿಯಲ್ಲಿ ಉಬ್ಬರ ರೇಖೆಯಿಂದ (ಉಬ್ಬರದ ನೀರು ಏರಿ ತಲುಪುವ ಗೆರೆ) ಒಳಕ್ಕೆ 500 ಮೀಟರ್, ಉಬ್ಬರದ ನೀರು ಏರಿಳಿಯುವ ಹೊಳೆ, ಹಿನ್ನೀರು, ಕಾಲುವೆಗಳ ಬದಿಯಲ್ಲಿ 50 ಮೀಟರ್ ಅಥವಾ ಆ ನೀರಿನ ಅಗಲ, ಯಾವುದು ಕಡಿಮೆಯೋ ಅದು. 20 ಮೀಟರ್ ಅಗಲದ ತೋಡಿನ ಪಕ್ಕದಲ್ಲಿ ಸಿಆರ್‌ಝಡ್ 20 ಮೀಟರಿಗೇ ಮುಗಿಯುತ್ತದೆ.

ಹೊಳೆಯಲ್ಲಿ ಮೇಲಕ್ಕೆ ಎಲ್ಲಿಯವರೆಗೆ ಎಂಬುದನ್ನು ತೀರ್ಮಾನಿಸುವುದು ಉಪ್ಪು. ವರ್ಷದ ಅತಿ ಒಣಗಿನ ಕಾಲದಲ್ಲಿ ನೀರಿನ ಲವಣಾಂಶ ಸಾವಿರದಲ್ಲಿ ಐದು ಪಾಲು ಇರುವ ಜಾಗದವರೆಗೆ ಸಿಆರ್‌ಝಡ್ ಅನ್ವಯ. ಮಳೆಗಾಲ ಮುಗಿದ ಕೂಡಲೇ ಅಳೆದರೆ ಸಿಹಿನೀರಿನ ಒತ್ತಡಕ್ಕೆ ಗೆರೆ ಕೆಳಕ್ಕೆ ಜಾರುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ ಅಳೆದರೆ ಮೇಲಕ್ಕೆ ಏರುತ್ತದೆ. ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು ಹೊಸದಾಗಿ ಬಂದ ಹೊಳೆಗಳಲ್ಲಿ ಹಳೆಯ ಅಳತೆಗೂ ಇಂದಿನ ನೀರಿಗೂ ತಾಳೆಯಾಗದಿರುವುದು ಸಹಜ. ವಿವಾದದ ಜಾಗವಾದರೆ ಅಳತೆ ಯಾವ ತಿಂಗಳಲ್ಲಿ ಆಯಿತು ಎಂದು ಬರಹದಲ್ಲಿ ಕೇಳುವುದು ಮೊದಲ ಕೆಲಸ.

ನಕ್ಷೆ: ಗೆರೆಯ ಅಗಲದಲ್ಲೇ ಮನೆ ಮಾಯ

ಸೇವೆಯ ಜೀವಾಳ ಇರುವುದು ನಕ್ಷೆಯಲ್ಲಿ. ಕರ್ನಾಟಕದ ನಕ್ಷೆಯನ್ನು ತಯಾರಿಸಿದ್ದು ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ. ಅದೇ ಕೇಂದ್ರ ಗುರುತಿಸಿದ ಉಬ್ಬರ ರೇಖೆಯೇ ದೇಶಕ್ಕೆಲ್ಲ ಒಂದೇ ಮಾನದಂಡ ಎಂದು 2019ರ ಅಧಿಸೂಚನೆ ಹೇಳುತ್ತದೆ. ಇದು ಒಳ್ಳೆಯ ಬದಲಾವಣೆ. ಹಿಂದೆ ಒಂದೇ ಜಾಗಕ್ಕೆ ಎರಡು ಸಂಸ್ಥೆಗಳು ಎರಡು ಉಬ್ಬರ ರೇಖೆ ಎಳೆದುಕೊಟ್ಟರೆ, ತಮಗೆ ಬೇಕಾದ್ದನ್ನು ಆರಿಸಿಕೊಳ್ಳಲು ದಾರಿಯಿತ್ತು.

ತೊಂದರೆ ಇರುವುದು ಅಳತೆಯಲ್ಲಿ. ಯೋಜನೆಯ ಮುಖ್ಯ ನಕ್ಷೆ 1:25,000 ಪ್ರಮಾಣದ್ದು. ಅದರಲ್ಲಿ ಒಂದು ಮಿ.ಮೀ. ಎಂದರೆ ನೆಲದ ಮೇಲೆ 25 ಮೀಟರ್. ಹೊಳೆ ಬದಿಯ 50 ಮೀಟರ್ ಅಂಚು ಬರೀ ಎರಡು ಮಿ.ಮೀ. ಅರ್ಧ ಮಿ.ಮೀ. ದಪ್ಪದ ಗೆರೆಯೊಂದೇ ಹನ್ನೆರಡೂವರೆ ಮೀಟರ್ ನುಂಗುತ್ತದೆ. ಐದು ಸೆಂಟ್ಸ್ ಜಾಗ, ಅಂದರೆ ಸುಮಾರು 200 ಚದರ ಮೀಟರ್, ಆ ಹಾಳೆಯಲ್ಲಿ ಅರ್ಧ ಮಿ.ಮೀ. ಚೌಕವಷ್ಟೇ, ಗೆರೆಯ ಅಡಿಯಲ್ಲೇ ಅಡಗಿಹೋಗುತ್ತದೆ. ಈ ಹಾಳೆಯ ಪಿಡಿಎಫ್ ಅನ್ನು ಮೊಬೈಲಿನಲ್ಲಿ ಹಿಗ್ಗಿಸಿ "ನಮ್ಮ ಜಾಗ ಹೊರಗಿದೆ" ಎಂದು ನಂಬಿ ಮುಂಗಡ ಕೊಡುವವರು ಬಹಳ. ಹಿಗ್ಗಿಸಿದರೆ ಗೆರೆ ದಪ್ಪವಾಗುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ.

ಸರ್ವೆ ನಂಬರಿನ ಮಟ್ಟದಲ್ಲಿ ಉತ್ತರ ಬೇಕಾದರೆ 1:4,000 ಅಥವಾ ಅದಕ್ಕೆ ಹತ್ತಿರದ ಗ್ರಾಮನಕ್ಷೆ ಪ್ರಮಾಣದ ಹಾಳೆಯೇ ಬೇಕು. ಅದರಲ್ಲಿ ಒಂದು ಮಿ.ಮೀ. ನಾಲ್ಕು ಮೀಟರ್, ಐದು ಸೆಂಟ್ಸ್ ಜಾಗ ಮೂರೂವರೆ ಮಿ.ಮೀ. ಚೌಕ. ಕಣ್ಣಿಗೆ ಕಾಣುತ್ತದೆ, ವಾದಕ್ಕೂ ನಿಲ್ಲುತ್ತದೆ. ಕೆಲಸದ ಕ್ರಮ ಹೀಗಿರಲಿ: ಮೊದಲು ಪಹಣಿಯಲ್ಲಿ ಸರ್ವೆ ನಂಬರ್ ಮತ್ತು ಹಿಸ್ಸಾ ಖಚಿತಪಡಿಸಿಕೊಳ್ಳಿ. 'ದಿಶಾಂಕ್' ಆ್ಯಪ್‌ನಲ್ಲಿ ಜಾಗದ ಮೇಲೆ ನಿಂತು ಅದೇ ನಂಬರ್ ಬರುತ್ತದೆಯೇ ನೋಡಿ. ಆ್ಯಪ್ ತೋರಿಸುವ ಗಡಿ ಕೆಲವು ಮೀಟರ್ ಆಚೀಚೆ ಇರುತ್ತದೆ. ಅದು ದಾರಿ ತೋರಿಸಲು ಮಾತ್ರ, ಸಾಕ್ಷಿಗಲ್ಲ. ಬಳಿಕ ಹಿಸ್ಸಾ ಸ್ಕೆಚ್ ಜತೆಗಿಟ್ಟು ಪ್ರಾದೇಶಿಕ ನಿರ್ದೇಶಕರು (ಪರಿಸರ) ಕಚೇರಿಗೆ ಲಿಖಿತ ಅರ್ಜಿ ಕೊಡಿ. ಪ್ರಶ್ನೆಯನ್ನು ಮೂರು ತುಂಡಾಗಿಯೇ ಕೇಳಿ: ಈ ಹಿಸ್ಸಾ ಸಿಆರ್‌ಝಡ್ ಒಳಗಿದೆಯೇ, ಒಳಗಿದ್ದರೆ ಯಾವ ವರ್ಗ, ಅದರಲ್ಲಿ ಎಷ್ಟು ಭಾಗ ಅಭಿವೃದ್ಧಿ ನಿಷೇಧ ವಲಯಕ್ಕೆ (ಹೊಸ ನಿರ್ಮಾಣಕ್ಕೆ ತಡೆ ಇರುವ ಪಟ್ಟಿ) ಬೀಳುತ್ತದೆ. "ಎನ್‌ಒಸಿ ಕೊಡಿ" ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಮೊಟಕಾಗಿ ಬರುತ್ತದೆ. ಬಾಯಿಮಾತಿನಲ್ಲಿ ಸಿಕ್ಕ "ತೊಂದರೆ ಇಲ್ಲ" ಎಂಬುದಕ್ಕೆ ಬ್ಯಾಂಕಿನಲ್ಲೂ ಬೆಲೆ ಇಲ್ಲ, ನ್ಯಾಯಮಂಡಳಿಯಲ್ಲೂ ಇಲ್ಲ.

ವರ್ಗಗಳ ವಿಚಾರಕ್ಕೆ ಬಂದರೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರಳ ದಿಬ್ಬ, ಕಡಲಾಮೆ ಮೊಟ್ಟೆಯಿಡುವ ದಡ, ಕೆಸರು ಬಯಲು ಇವೆಲ್ಲ 1ಎ. ಉಬ್ಬರ ಮತ್ತು ಇಳಿತದ ಗೆರೆಗಳ ನಡುವಿನ ಜಾಗ 1ಬಿ. ಪಟ್ಟಣ ವ್ಯಾಪ್ತಿಯಲ್ಲಿ ಈಗಾಗಲೇ ಕಟ್ಟಡಗಳಿಂದ ತುಂಬಿದ ಜಾಗ 2. ಹಳ್ಳಿಗಳು 3. ನೀರು 4, ಅದು ಸಮುದ್ರದಲ್ಲಿ 12 ನಾಟಿಕಲ್ ಮೈಲಿವರೆಗೆ. 1,000 ಚದರ ಮೀಟರಿಗಿಂತ ದೊಡ್ಡದಾದ ಸರ್ಕಾರಿ ಕಾಂಡ್ಲಾ ಪ್ರದೇಶವಿದ್ದರೆ ಅದರ ಸುತ್ತ 50 ಮೀಟರ್ ಕೂಡ 1ಎ ಆಗಿಬಿಡುತ್ತದೆ. ಪಕ್ಕದ ಹಿಡುವಳಿದಾರರಿಗೆ ಇದು ಗೊತ್ತಾಗುವುದು ಸಾಮಾನ್ಯವಾಗಿ ಪಂಚಾಂಗಕ್ಕೆ ಕಲ್ಲು ಇಳಿಸಿದ ಮೇಲೆ.

ಹಳ್ಳಿಗಳ ವರ್ಗವನ್ನು 2019ರಲ್ಲಿ ಎರಡಾಗಿ ಸೀಳಿದರು. 2011ರ ಜನಗಣತಿಯಲ್ಲಿ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ 3ಎ. ಅಲ್ಲಿ ನಿಷೇಧ ವಲಯ ಉಬ್ಬರ ರೇಖೆಯಿಂದ 50 ಮೀಟರ್ ಮಾತ್ರ. ಅದಕ್ಕಿಂತ ಕಡಿಮೆ ಇದ್ದರೆ 3ಬಿ. ಅಲ್ಲಿ 200 ಮೀಟರ್. ಕೇಳಲು ನ್ಯಾಯವೇ. ಆದರೆ ಸಾಂದ್ರತೆ ಲೆಕ್ಕ ಹಾಕುವುದು ಇಡೀ ಕಂದಾಯ ಗ್ರಾಮಕ್ಕೆ. ನಮ್ಮ ಕರಾವಳಿಯ ಗ್ರಾಮಗಳಿಗೆ ಬೆನ್ನಿಗೆ ಗುಡ್ಡ, ಹಾಡಿ, ಗದ್ದೆ, ಗಜನಿ (ಅಳಿವೆಯ ಉಪ್ಪುನೀರಿನ ಗದ್ದೆ) ಇರುತ್ತವೆ. ದಡದ ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳಿದ್ದರೂ ಗುಡ್ಡದ ವಿಸ್ತೀರ್ಣ ಸೇರಿದಾಗ ಊರು "ವಿರಳ" ಎನಿಸಿಕೊಳ್ಳುತ್ತದೆ, ಇಕ್ಕಟ್ಟಾದ ಆ ಕೇರಿಗೇ 200 ಮೀಟರ್ ನಿಷೇಧ ಬೀಳುತ್ತದೆ. ಈ ಸೂತ್ರ ಮಾಡಿದವರು ಕೇರಿಯನ್ನು ನೋಡಲಿಲ್ಲ, ಗ್ರಾಮದ ಕೋಷ್ಟಕ ನೋಡಿದರು ಎನ್ನದೆ ವಿಧಿಯಿಲ್ಲ.

ಕುದ್ರುಗಳಿಗೆ ಬೇರೆ ಲೆಕ್ಕ. ಹಿನ್ನೀರಿನ ನಡುವಿನ ದ್ವೀಪಗಳಲ್ಲಿ ನಿಷೇಧ ವಲಯವನ್ನು 20 ಮೀಟರಿಗೆ ಇಳಿಸಲು ಅವಕಾಶ ಇದೆ. ಆದರೆ ಅದಕ್ಕೆ ಆ ದ್ವೀಪಕ್ಕೆಂದೇ ಸಮಗ್ರ ನಿರ್ವಹಣಾ ಯೋಜನೆ ತಯಾರಾಗಿರಬೇಕು. ಯೋಜನೆ ಇಲ್ಲದೆ 20 ಮೀಟರ್ ಎಂದು ಮನೆ ಎಬ್ಬಿಸಿದರೆ ಆಮೇಲೆ ಕೈಕೈ ಹಿಸುಕಿಕೊಳ್ಳಬೇಕು.

ಗಜನಿ ಭೂಮಿ ಇರುವವರು ಇನ್ನೊಂದು ಅಂಶವನ್ನು ಹಿಡಿದಿಟ್ಟುಕೊಳ್ಳಬೇಕು. ಅಘನಾಶಿನಿ, ಶರಾವತಿ ಅಳಿವೆಗಳ ಗಜನಿಗಳಲ್ಲಿ ಕಟ್ಟೆ ಹಾಕಿ, ತೂಬಿನ ಹಲಗೆ ಏರಿಸಿ ಇಳಿಸಿ ಉಪ್ಪುನೀರನ್ನು ಆಳುವ ಪದ್ಧತಿ ಬಹಳ ಹಳೆಯದು. ಕಗ್ಗ ಭತ್ತ ಬೆಳೆಯುವುದೂ ಹಾಗೆಯೇ. 1991ರ ಫೆಬ್ರವರಿ 19ಕ್ಕಿಂತ ಮೊದಲೇ ಕಟ್ಟಿದ ಕಟ್ಟೆ ಅಥವಾ ತೂಬು ಇದ್ದರೆ ಉಬ್ಬರ ರೇಖೆ ಆ ಕಟ್ಟೆಯಲ್ಲೇ ನಿಲ್ಲುತ್ತದೆ, ಒಳಗಿನ ಗದ್ದೆಗೆ ನುಗ್ಗುವುದಿಲ್ಲ. ಆದರೆ ಕಟ್ಟೆ ಒಡೆದು, ಉಪ್ಪುನೀರು ಹೊಕ್ಕು, ಒಳಗೆ ಕಾಂಡ್ಲಾ ಬೆಳೆದಿದ್ದರೆ ಆ ಕಾಂಡ್ಲಾ ಇರುವ ಭಾಗ ಎಷ್ಟೇ ಸಣ್ಣದಾದರೂ 1ಎ. ಹಲವು ಕಡೆ ಕಟ್ಟೆಗಳ ದುರಸ್ತಿ ನಿಂತು ವರ್ಷಗಳಾಗಿವೆ, ಗದ್ದೆ ಇದ್ದಲ್ಲಿ ಈಗ ಕಾಂಡ್ಲಾ ಇದೆ. ಕಟ್ಟೆ 1991ಕ್ಕಿಂತ ಹಳೆಯದು ಎಂದು ತೋರಿಸಲು ಹಳೆಯ ಗ್ರಾಮನಕ್ಷೆ, ಪಹಣಿಯಲ್ಲಿನ ಬೆಳೆ ನಮೂದು, ಕಟ್ಟೆ ದುರಸ್ತಿಗೆ ಸರ್ಕಾರ ಖರ್ಚು ಮಾಡಿದ ದಾಖಲೆ ಇವು ಮೂರನ್ನೂ ಸೇರಿಸಿ ಕೊಡುವುದು ಒಳ್ಳೆಯದು. ಒಂದೇ ದಾಖಲೆಯ ಮೇಲೆ ನಿಲ್ಲಬೇಡಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾದ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನಿಸಿಕೊಂಡ) ಮೇಲೆ ಅಲ್ಲಿನ ಪ್ರತಿಯೊಂದು ಗೆರೆಗೂ ಮಹತ್ವ ಹೆಚ್ಚಿದೆ.

ಮನೆ ಅನುಮತಿ: ಕಾಗದದಲ್ಲಿ ಸುಲಭ

ಸಣ್ಣವರ ಪಾಲಿಗೆ 2019ರ ಅತ್ಯಂತ ಉಪಯುಕ್ತ ಸಾಲು ಇದು: ಸ್ವಂತ ವಾಸದ ಮನೆ, ಒಟ್ಟು ಕಟ್ಟಡದ ವಿಸ್ತೀರ್ಣ 300 ಚದರ ಮೀಟರ್ ಒಳಗಿದ್ದರೆ, ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ (ಮುಂದೆ ರಾಜ್ಯ ಪ್ರಾಧಿಕಾರ) ಶಿಫಾರಸು ಬೇಡ, ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು. 300 ಚದರ ಮೀಟರ್ ಎಂದರೆ ಸುಮಾರು 3,230 ಚದರ ಅಡಿ, ಧಾರಾಳವೇ. ಆದರೆ ಅಧಿಸೂಚನೆ ಅದೇ ಉಸಿರಿನಲ್ಲಿ ಸ್ಥಳೀಯ ಸಂಸ್ಥೆ ಸಿಆರ್‌ಝಡ್ ನಿಯಮಗಳನ್ನು ನೋಡಿಯೇ ಅನುಮತಿ ಕೊಡಬೇಕು ಎಂದೂ ಹೇಳುತ್ತದೆ. ಶಿಫಾರಸಿನಿಂದ ವಿನಾಯಿತಿ ಇದೆ, ನಿಯಮದಿಂದ ಇಲ್ಲ. ಗ್ರಾಮ ಪಂಚಾಯಿತಿಗೆ 1:4,000 ನಕ್ಷೆ ಓದುವ ಸಿಬ್ಬಂದಿ ಎಲ್ಲಿಂದ ಬರಬೇಕು? ಹಾಗಾಗಿ ಪಿಡಿಒಗಳು ಎಷ್ಟೋ ಕಡೆ ಕಡತವನ್ನು ಮತ್ತೆ ಪರಿಸರ ಕಚೇರಿಯ ಅಭಿಪ್ರಾಯಕ್ಕೆ ಕಳಿಸುವುದುಂಟು. ಅವರನ್ನು ಬೈದು ಪ್ರಯೋಜನವಿಲ್ಲ. ವಲಯ ದೃಢೀಕರಣವನ್ನು ಮೊದಲೇ ತಂದು ಅರ್ಜಿಗೆ ಲಗತ್ತಿಸಿದರೆ ಈ ಸುತ್ತಾಟ ತಪ್ಪುತ್ತದೆ.

ನಿಷೇಧ ವಲಯದ ಆಚೆ, 500 ಮೀಟರ್ ಒಳಗೆ, ಪರಂಪರೆಯಿಂದ ಇರುವ ಮೀನುಗಾರ ಹಳ್ಳಿಗಳಲ್ಲಿ ಮನೆ ಕಟ್ಟಬಹುದು. ಎತ್ತರ 9 ಮೀಟರ್ ಮೀರಬಾರದು, ನೆಲ ಮತ್ತು ಒಂದು ಅಂತಸ್ತು. ಇಲ್ಲಿ ಆಗುವ ತಪ್ಪು ಮಾಡಿನದ್ದು. ಕರಾವಳಿಯ ಮಳೆಗೆ ಇಳಿಜಾರು ಮಾಡು ಬೇಕೇ ಬೇಕು. ತಾರಸಿಯ ಮೇಲೆ ತಗಡಿನ ಛಾವಣಿ ಏರಿಸಿದರೆ 9 ಮೀಟರ್ ಗೊತ್ತಿಲ್ಲದೆ ದಾಟುತ್ತದೆ. ನೀಲನಕ್ಷೆಯಲ್ಲೇ ಮಾಡಿನ ತುದಿಯ ಎತ್ತರ ಬರೆಸಿ.

ನಿಷೇಧ ವಲಯದ ಒಳಗೆ ಸಾಮಾನ್ಯವಾಗಿ ಹೊಸ ಮನೆ ಇಲ್ಲ. ಇರುವ ಅಧಿಕೃತ ಮನೆಯನ್ನು ದುರಸ್ತಿ ಮಾಡಬಹುದು, ಕೆಡವಿ ಅಷ್ಟೇ ತಳಪಾಯದಲ್ಲಿ, ಅಷ್ಟೇ ವಿಸ್ತೀರ್ಣದಲ್ಲಿ ಮತ್ತೆ ಕಟ್ಟಬಹುದು. ಗಂಟು ಇರುವುದು ಮನೆ "ಅಧಿಕೃತ" ಎಂದು ತೋರಿಸುವುದರಲ್ಲಿ. ದಡದ ಎಷ್ಟೋ ಮನೆಗಳು ತಲೆಮಾರುಗಳಿಂದ ಸರ್ಕಾರಿ ಜಾಗದಲ್ಲಿವೆ. ಮನೆ ನಂಬರ್, ಹಳೆಯ ತೆರಿಗೆ ರಸೀದಿ, ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್, ಹಳೆಯ ಮತದಾರರ ಪಟ್ಟಿ, ಇವನ್ನೆಲ್ಲ ಹಳೆಯ ಮನೆ ಕೆಡವುವ ಮೊದಲೇ ಜೋಡಿಸಿಡಬೇಕು. ನಾಲ್ಕೂ ದಿಕ್ಕಿನಿಂದ ಅಳತೆ ಸಹಿತ ಫೋಟೊ ತೆಗೆಸಬೇಕು. ಕೆಡವಿದ ಮೇಲೆ ಹಳೆಯ ತಳಪಾಯದ ಅಳತೆಗೆ ಸಾಕ್ಷಿ ಯಾರೂ ಇರುವುದಿಲ್ಲ. ಸರ್ಕಾರಿ ಜಾಗದಲ್ಲಿನ ಮನೆಯನ್ನು ಸಕ್ರಮ ಮಾಡುವ 94ಸಿ ಹಕ್ಕುಪತ್ರ ಸಿಕ್ಕರೆ ಜಾಗದ ಪ್ರಶ್ನೆ ಬಗೆಹರಿಯುತ್ತದೆ, ಸಿಆರ್‌ಝಡ್ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಎರಡೂ ಬೇರೆ ಬೇರೆ ಕಡತ.

ಪಂಚಾಯಿತಿ ಪರವಾನಗಿ ಒಂದೇ ಸಾಕು ಎಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಕೇರಳದ ಮರಡು ಸಾಕ್ಷಿ. ಅಲ್ಲಿ ಆಗಿನ ಪಂಚಾಯಿತಿ ಕೊಟ್ಟ ಪರವಾನಗಿಯ ಮೇಲೆ, ಕರಾವಳಿ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಎದ್ದಿದ್ದ ವಸತಿ ಸಮುಚ್ಚಯಗಳನ್ನು ಕೆಡವಲು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ನೆಲಸಮ ಮಾಡಿದರು. ಫ್ಲ್ಯಾಟ್ ಕೊಂಡವರ ಕೈಯಲ್ಲಿ ನೋಂದಾಯಿತ ಪತ್ರ ಇತ್ತು, ತೆರಿಗೆ ರಸೀದಿ ಇತ್ತು. ಅವು ಯಾವುವೂ ಕಟ್ಟಡವನ್ನು ಉಳಿಸಲಿಲ್ಲ.

ಹೋಂಸ್ಟೇ ಬಗ್ಗೆ ಎರಡು ಮಾತು. ಮೀನುಗಾರರೂ ಸೇರಿ ಸ್ಥಳೀಯರು ಇರುವ ಮನೆಯಲ್ಲೇ ಹೋಂಸ್ಟೇ ನಡೆಸಬಹುದು. ತಳಪಾಯ, ವಿನ್ಯಾಸ, ಮನೆಯ ಹೊರಮುಖ ಬದಲಿಸಬಾರದು. ಮನೆಯ ಹಿಂಬದಿಗೆ ನಾಲ್ಕು ಕೋಣೆ ಸೇರಿಸಿದ ಕ್ಷಣ ಅದು ಹೋಂಸ್ಟೇ ಅಲ್ಲ, ಹೊಸ ನಿರ್ಮಾಣ. ಮರಳು ನೆಲದಲ್ಲಿ ಶೌಚದ ಗುಂಡಿ ತುಂಬಿದರೆ ನೇರ ಬಾವಿಗೇ ಇಳಿಯುತ್ತದೆ ಎಂಬುದನ್ನು ಅನುಮತಿ ಕೊಡುವವರಿಗಿಂತ ಮೊದಲು ಮನೆಯವರೇ ಯೋಚಿಸುವುದು ಲೇಸು.

ದೊಡ್ಡ ಯೋಜನೆಗಳ ಸಾಲು

2018ರಲ್ಲಿ ಬಂದ 'ಪರಿವೇಶ್' ಪೋರ್ಟಲ್ ಮೂಲಕವೇ ಈಗ ಯೋಜನೆಗಳ ಅರ್ಜಿ ಹೋಗುವುದು. ಒಟ್ಟಾರೆ ಹೇಳುವುದಾದರೆ ಇದು ಈ ಸೇವೆಯ ಅತ್ಯುತ್ತಮ ಭಾಗ, ಅದೂ ಅರ್ಜಿದಾರರಿಗಿಂತ ಆಕ್ಷೇಪಿಸುವವರಿಗೆ. ಯೋಜನೆಯ ಹೆಸರು ಅಥವಾ ಪ್ರಸ್ತಾವನೆ ಸಂಖ್ಯೆ ಹಾಕಿ ಹುಡುಕಿದರೆ ಅರ್ಜಿ ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ, ಲಗತ್ತುಗಳನ್ನೂ ಇಳಿಸಿಕೊಳ್ಳಬಹುದು. ಮೊದಲು ಇದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ ತಿಂಗಳು ಕಾಯಬೇಕಿತ್ತು. ಇಂಟರ್‌ಫೇಸ್ ಪೂರ್ತಿ ಇಂಗ್ಲಿಷ್ ಎಂಬುದು ದೊಡ್ಡ ಕೊರತೆ.

ಕೇಳುವ ದಾಖಲೆಗಳು: ಮಾನ್ಯತೆ ಪಡೆದ ಸಂಸ್ಥೆ ತಯಾರಿಸಿದ 1:4,000 ನಕ್ಷೆ, ಅದರ ಮೇಲೆ ಯೋಜನೆಯ ವಿನ್ಯಾಸ, ಸುತ್ತ 7 ಕಿ.ಮೀ. ವ್ಯಾಪ್ತಿಯ ನಕ್ಷೆ, ಪರಿಸರ ಪರಿಣಾಮ ವರದಿ, ಅಪಾಯ ನಿರ್ವಹಣೆ ಯೋಜನೆ, ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಾಕ್ಷೇಪಣೆ. ರಾಜ್ಯ ಪ್ರಾಧಿಕಾರ 60 ದಿನದಲ್ಲಿ ಶಿಫಾರಸು ಮಾಡಬೇಕು, ಆಮೇಲೆ ಅಂತಿಮ ತೀರ್ಮಾನಕ್ಕೆ ಇನ್ನೊಂದು 60 ದಿನ. ಆ 60 ದಿನ ಎಣಿಕೆಯಾಗುವುದು ಪೂರ್ಣ ಅರ್ಜಿ ಬಂದ ದಿನದಿಂದ. ಒಂದು ಪ್ರಶ್ನೆ ಎತ್ತಿದರೆ ಗಡಿಯಾರ ನಿಂತಿತು. ಪಹಣಿಯ ವಿಸ್ತೀರ್ಣಕ್ಕೂ ನಕ್ಷೆಯ ವಿಸ್ತೀರ್ಣಕ್ಕೂ ತಾಳೆಯಾಗದಿರುವುದು ಮತ್ತು ಕೊಳಚೆ ನೀರಿನ ವಿಲೇವಾರಿ ವಿವರ ಅರೆಬರೆ ಇರುವುದು ಕಡತ ವಾಪಸ್ ಬರಲು ಸಾಕಷ್ಟು ಕಾರಣ. ವರ್ಗ 1 ಮತ್ತು 4ರ ಬಹುತೇಕ ಕೆಲಸಗಳಿಗೆ ಕೇಂದ್ರದ ಒಪ್ಪಿಗೆಯೇ ಬೇಕು. ಒಪ್ಪಿಗೆ ಪಡೆದವರು ವರ್ಷಕ್ಕೆ ಎರಡು ಸಲ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು. ಆಕ್ಷೇಪಿಸುವವರು ಈ ವರದಿಗಳನ್ನು ಓದುವುದೇ ಇಲ್ಲ. ಎಷ್ಟೋ ಉಲ್ಲಂಘನೆಗಳು ಕಂಪನಿಯೇ ಬರೆದುಕೊಟ್ಟ ವರದಿಯಲ್ಲಿ ಬಯಲಾಗಿ ಬಿದ್ದಿರಬಹುದು.

ಅಹವಾಲು ಸಭೆಯದ್ದು ಬೇರೆಯೇ ಕಥೆ. 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ, ಪೂರ್ತಿ ವಿಡಿಯೊ ಚಿತ್ರೀಕರಣ. ಕೋರಂ ಎಂಬುದಿಲ್ಲ. ಹಾಗಾಗಿ ಬಹಿಷ್ಕಾರ ಹಾಕಿ ಹೊರಗೆ ನಿಂತರೆ ಸಭೆ ನಡೆದಂತೆಯೇ ಲೆಕ್ಕ, ಆಕ್ಷೇಪ ಮಾತ್ರ ದಾಖಲಾಗುವುದಿಲ್ಲ. ಹೊರಗೆ ಘೋಷಣೆ ಕೂಗಲಿ, ಒಳಗೆ ನಾಲ್ವರು ಬರಹ ಕೊಟ್ಟು ಸ್ವೀಕೃತಿ ಪಡೆಯಲಿ. ಕನ್ನಡದಲ್ಲಿ ಸಿಗುವುದು ಕಾರ್ಯನಿರ್ವಾಹಕ ಸಾರಾಂಶ. ನೂರಾರು ಪುಟದ ಮೂಲ ವರದಿ ಇಂಗ್ಲಿಷಿನಲ್ಲಿ. ಸಾರಾಂಶಕ್ಕೆ ಆಕ್ಷೇಪ ಬರೆದರೆ ಉತ್ತರವೂ ಸಾರಾಂಶದಷ್ಟೇ. ಮೂಲದಲ್ಲಿ ನೋಡಬೇಕಾದ್ದು ಮೂರೇ: ಸಮುದ್ರ ಜೀವಿಗಳ ಅಧ್ಯಯನ ಯಾವ ತಿಂಗಳುಗಳಲ್ಲಿ ಆಯಿತು, ದಡದ ಕೊರೆತದ ಲೆಕ್ಕ ಎಷ್ಟು ವರ್ಷದ ಚಿತ್ರಗಳ ಮೇಲೆ ನಿಂತಿದೆ, ಮೀನುಗಾರರ ದೋಣಿ–ಬಲೆಗಳ ಎಣಿಕೆ ಎಲ್ಲಿಂದ ಬಂತು. ಆಕ್ಷೇಪದಲ್ಲಿ ಪುಟ ಸಂಖ್ಯೆ ಹಾಕಿ ಬರೆಯಿರಿ. "ನಮ್ಮ ಬದುಕು ಹಾಳಾಗುತ್ತದೆ" ಎಂಬುದು ನಿಜವೇ ಆದರೂ ಅದಕ್ಕೆ "ಗಮನಿಸಲಾಗಿದೆ" ಎಂಬ ಒಂದೇ ಶಬ್ದದ ಉತ್ತರ ಸಾಕಾಗುತ್ತದೆ. ಪುಟ ಹಿಡಿದು ಕೇಳಿದ್ದಕ್ಕೆ ಹಾಗೆ ಜಾರಿಕೊಳ್ಳುವುದು ಕಷ್ಟ.

ದೂರು ಮತ್ತು ನ್ಯಾಯಮಂಡಳಿ

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಯೇ ದೂರಿನ ಮೊದಲ ಮೆಟ್ಟಿಲು. ಅದರಲ್ಲಿ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕು ಎಂದು 2011ರಿಂದಲೂ ಬರೆದಿದೆ. ಆ ಮೂವರು ಯಾರು ಎಂದು ನಿಮ್ಮ ಊರಿನ ಮೀನುಗಾರರ ಸಹಕಾರ ಸಂಘದಲ್ಲಿ ಕೇಳಿ ನೋಡಿ. ಥಟ್ಟನೆ ಹೆಸರು ಬಂದರೆ ನಿಮ್ಮ ಜಿಲ್ಲೆಯ ಸಮಿತಿಗೆ ಅರ್ಧ ಅಂಕ ಕೊಟ್ಟುಬಿಡಬಹುದು.

ದಂಡದ ಸ್ವರೂಪ ಬದಲಾಗಿದೆ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲಿದ್ದ ಜೈಲು ಶಿಕ್ಷೆಯ ಬದಲಿಗೆ ಜನ ವಿಶ್ವಾಸ್ ಕಾಯ್ದೆಯ ಮೂಲಕ 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಬಂದಿದೆ. ಸಣ್ಣ ಮನೆಯವರಿಗೆ 15 ಲಕ್ಷ ಮನೆಯನ್ನೇ ಮಾರಿಸುವ ಮೊತ್ತ, ರೆಸಾರ್ಟಿಗೆ ಒಂದು ಋತುವಿನ ಖರ್ಚಿನ ಬಾಬ್ತು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಆ ಮೊತ್ತದ ಶೇ 1, ಕನಿಷ್ಠ 1,000. ವಕೀಲರಿಲ್ಲದೆ ಖುದ್ದಾಗಿಯೂ ವಾದಿಸಬಹುದು, ವಿಡಿಯೊ ಮೂಲಕ ಹಾಜರಾಗುವ ಅನುಕೂಲವೂ ಬಂದಿದೆ. ಬೆಲೆಯಲ್ಲಿ, ಗುಣದಲ್ಲಿ ಇದಕ್ಕಿಂತ ಒಳ್ಳೆಯ ಸೇವೆ ಈ ಸರಪಳಿಯಲ್ಲಿ ಬೇರೆ ಇಲ್ಲ. ಆದರೆ ಕಾಲಮಿತಿ ಕತ್ತಿಯಂತಿದೆ. ಯೋಜನೆಗೆ ಕೊಟ್ಟ ಒಪ್ಪಿಗೆಯ ವಿರುದ್ಧ ಮೇಲ್ಮನವಿ 30 ದಿನದೊಳಗೆ. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ, ಒಟ್ಟು 90. ಅದಾದ ಮೇಲೆ ನ್ಯಾಯಮಂಡಳಿಗೂ ಕ್ಷಮಿಸುವ ಅಧಿಕಾರವಿಲ್ಲ. ಉಲ್ಲಂಘನೆಯ ಬಗ್ಗೆ ಅರ್ಜಿಗೆ ಆರು ತಿಂಗಳು, ಪರಿಹಾರಕ್ಕೆ ಐದು ವರ್ಷ. ಇವೆರಡಕ್ಕೂ 60 ದಿನದ ಹೆಚ್ಚುವರಿ ಅವಕಾಶ. ಊರವರಿಗೆ ಯೋಜನೆಯ ಸುಳಿವು ಸಿಗುವುದು ಜೆಸಿಬಿ ಬಂದಾಗ. ಆ ಹೊತ್ತಿಗೆ 90 ದಿನ ಎಂದೋ ಮುಗಿದಿರುತ್ತದೆ. ಒಪ್ಪಿಗೆ ಪತ್ರದ ಪ್ರತಿ ಪಂಚಾಯಿತಿಗೂ ಬರಬೇಕು, 30 ದಿನ ಫಲಕದಲ್ಲಿ ಇರಬೇಕು. ಬಂದಿಲ್ಲದಿದ್ದರೆ "ಬಂದಿಲ್ಲ" ಎಂದು ಪಿಡಿಒ ಅವರಿಂದ ಹಿಂಬರಹ ಪಡೆಯಿರಿ. ತಡವಾದದ್ದಕ್ಕೆ ಕಾರಣ ತೋರಿಸಲು ಅದಕ್ಕಿಂತ ಗಟ್ಟಿ ಕಾಗದ ಸಿಗುವುದು ಅಪರೂಪ.

ಮರಳಿನ ಕುರಿತು ಬರುವ ದೂರುಗಳಲ್ಲಿ ಗೊಂದಲ ಜಾಸ್ತಿ. ಅಳಿವೆಯ ಮರಳ ದಿಬ್ಬ ದೋಣಿಗೆ ಅಡ್ಡವಾದರೆ ಸಾಂಪ್ರದಾಯಿಕ ಸಮುದಾಯದವರು ಕೈಯಾರೆ, ಯಂತ್ರವಿಲ್ಲದೆ ತೆಗೆಯಲು ವಿನಾಯಿತಿ ಇದೆ. ಅದು ಮರಳು ವ್ಯಾಪಾರದ ಪರವಾನಗಿ ಅಲ್ಲ. ದಿಬ್ಬ ದೋಣಿಗೆ ಅಡ್ಡಿಯೇ ಎಂದು ಮೊದಲು ತೋರಿಸದೆ ಟನ್ ಲೆಕ್ಕ ಹೇಳುವ ಕಡತ ಕಂಡರೆ ಅಲ್ಲೇ ಸಂಶಯಪಡಿ.

ನಕ್ಷೆಯಲ್ಲಿ ಇರಬೇಕಾಗಿದ್ದದ್ದು

ಅತಿ ದೊಡ್ಡ ಕೊರತೆ ಉಳಿದಿರುವುದು ಇಲ್ಲಿ. ಮೀನುಗಾರರ ಹಳ್ಳಿ, ಅವರ ಸಾಮೂಹಿಕ ಜಾಗ, ಜೆಟ್ಟಿ, ಮಂಜುಗಡ್ಡೆ ಘಟಕ, ಮೀನು ಒಣಗಿಸುವ ಜಾಗ ಇವನ್ನೆಲ್ಲ ಗ್ರಾಮನಕ್ಷೆ ಪ್ರಮಾಣದಲ್ಲಿ ಗುರುತಿಸಬೇಕು, ಮೀನುಗಾರರ ದೀರ್ಘಕಾಲದ ವಸತಿಗೆ ಯೋಜನೆ ಮಾಡಬೇಕು ಎಂದು ಅಧಿಸೂಚನೆಯೇ ಹೇಳುತ್ತದೆ. ಮೀನು ಒಣಗಿಸುವ ಅಂಗಳ, ಬಲೆ ನೇಯುವ ಜಾಗ, ಹರಾಜು ಕಟ್ಟೆಗಳಿಗೆ ನಿಷೇಧ ವಲಯದ ಒಳಗೂ ಅವಕಾಶ ಇದೆ. ಆದರೆ ಅವಕಾಶ ಬೇರೆ, ಹಕ್ಕು ಬೇರೆ. ಅರಣ್ಯವಾಸಿಗಳಿಗೆ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಡಲ ಮಕ್ಕಳಿಗೆ ಅಂಥದ್ದೊಂದು ಕಾಯ್ದೆ ಇಂದಿಗೂ ಇಲ್ಲ. ಮೀನು ಒಣಗಿಸುವ ದಡ ಪಹಣಿಯಲ್ಲಿ ಸರ್ಕಾರಿ ಪರಂಬೋಕು, ಅಳತೆಗಾರರ ಕಣ್ಣಿಗೆ ಖಾಲಿ ಮರಳು. ಹೊನ್ನಾವರದ ಕಾಸರಕೋಡಿನ ಟೊಂಕದಲ್ಲಿ ಬಂದರು ಯೋಜನೆ ವಿರುದ್ಧ ಮೀನುಗಾರರು ಎತ್ತಿದ ತಕರಾರಿನ ತಿರುಳೂ ಇದೇ: ತಾವು ಒಣಮೀನು ಹರಡುವ, ಕಡಲಾಮೆ ಮೊಟ್ಟೆಯಿಡುವ ದಡ ಇದು ಎಂದು. 2020ರ ಜನವರಿಯಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬಂದರು ವಿಸ್ತರಣೆಯ ವಿರುದ್ಧ ಬೀದಿಗಿಳಿದವರ ಮಾತೂ ಅದಕ್ಕೆ ದೂರವಿರಲಿಲ್ಲ. ಅಲ್ಲಿ ಹೈಕೋರ್ಟ್ ತಡೆಯಾಜ್ಞೆ ಬಂದ ಮೇಲೆ ಕೆಲಸ ನಿಂತಿತು.

ಇನ್ನೊಂದು ಕಡೆ, ಕಡಲ ಅಪಾಯ ರೇಖೆಯನ್ನು 2019ರಲ್ಲಿ ನಿಯಂತ್ರಣದಿಂದ ಬಿಡಿಸಿ ವಿಪತ್ತು ನಿರ್ವಹಣೆಗೆ ಮಾತ್ರ ಎಂದು ಇಟ್ಟರು. ಕೊರೆತ ಎಲ್ಲಿಯವರೆಗೆ ಬರಬಹುದು ಎಂದು ಗೊತ್ತಿದ್ದೂ ಆ ಗೆರೆಯ ಒಳಗೆ ಕಟ್ಟಲು ಅನುಮತಿ ಸಿಗಬಹುದು. ಪ್ರತಿ ಮಳೆಗಾಲ ಕಲ್ಲು ಸುರಿಯುವ ಖರ್ಚಿನಲ್ಲಿ ಇದರ ಫಲ ಕಾಣುತ್ತದೆ. ಬೀಚಿನ ತಾತ್ಕಾಲಿಕ ಪ್ರವಾಸಿ ಸೌಲಭ್ಯಕ್ಕೆ ಉಬ್ಬರ ರೇಖೆಯಿಂದ 10 ಮೀಟರ್ ಬಿಟ್ಟರೆ ಸಾಕು ಎಂಬ ಸಡಿಲಿಕೆಯನ್ನೂ ಈ ಜತೆಗೇ ಓದಿದರೆ ಯಾರ ಅಗತ್ಯ ಬೇಗ ನಕ್ಷೆಗೆ ಇಳಿಯುತ್ತದೆ ಎಂದು ಅರ್ಥವಾಗುತ್ತದೆ.

ನಕ್ಷೆಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂಬುದು ವ್ಯವಸ್ಥೆಯ ಆಶಯ. 2022ರಿಂದ ಲೆಕ್ಕ ಹಾಕಿದರೆ 2027. ಕರಡು ಬಂದ ಮೇಲೆ ಆಕ್ಷೇಪಕ್ಕೆ ಸಿಗುವ ಕಾಲ ಕಡಿಮೆ, ಆದ್ದರಿಂದ ಸಾಮಗ್ರಿ ಈಗಲೇ ಸಿದ್ಧವಿರಲಿ. ಗ್ರಾಮನಕ್ಷೆಯ ದೊಡ್ಡ ಪ್ರತಿಯೊಂದರ ಮೇಲೆ ಒಣಗಿಸುವ ಅಂಗಳ, ದೋಣಿ ಎಳೆಯುವ ಜಾಗ, ಕೈರಂಪಣಿ (ದಡದಿಂದ ಎಳೆಯುವ ಬಲೆ) ಎಳೆಯುವ ದಡ, ಚಿಪ್ಪು ಸಿಗುವ ತೋಡು, ದಡಕ್ಕೆ ಇಳಿಯುವ ಕಾಲುದಾರಿ ಇಷ್ಟನ್ನು ಸರ್ವೆ ನಂಬರ್ ಸಹಿತ ಗುರುತಿಸಿ. ಪ್ರತಿಯೊಂದಕ್ಕೂ ಜಿಪಿಎಸ್ ಬಿಂದು ಮತ್ತು ದಿನಾಂಕ ಕಾಣುವ ಫೋಟೊ ಬೇಕು, ಒಣಗಿಸುವ ಕಾಲದಲ್ಲೊಂದು, ಮಳೆಗಾಲದಲ್ಲೊಂದು. ಕಡಲಾಮೆ ಗೂಡು ಕಂಡರೆ ಅರಣ್ಯ ಇಲಾಖೆಯ ದಾಖಲೆಗೆ ಸೇರಿಸಿ ಪ್ರತಿ ಪಡೆಯಿರಿ. ಈ ನಕ್ಷೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಅಂಗೀಕರಿಸಿ, ಮೀನುಗಾರಿಕೆ ಇಲಾಖೆ, ಜಿಲ್ಲಾ ಸಮಿತಿ ಮತ್ತು ರಾಜ್ಯ ಪ್ರಾಧಿಕಾರ ಮೂರಕ್ಕೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಸ್ವೀಕೃತಿ ಚೀಟಿಗಳನ್ನು ಸಂಘದ ಕಡತದಲ್ಲಿ ಇಟ್ಟುಕೊಳ್ಳಿ.